ಚಳ್ಳಕೆರೆ ಮರುಭೂಮಿಯಾ? ಒಂಟೆಯ ಡುಬ್ಬದಲ್ಲಿ ಏನಿದೆ?

ಪ್ರಶ್ನೆ: ನಮ್ಮೂರು ಚಳ್ಳಕೆರೆ ಹತ್ತಿರ. ಮಳೆ ಕಡಿಮೆ, ಎಲ್ಲಿ ನೋಡಿದರೂ ಜಾಲಿ, ಕಳ್ಳಿ. ಮೊನ್ನೆ ಮಗಳು "ಅಪ್ಪಾ, ನಮ್ಮೂರೂ ಮರುಭೂಮಿನಾ?" ಅಂತ ಕೇಳಿದಳು. ಅವಳ ಪುಸ್ತಕದಲ್ಲಿ ಬಿಸಿ ಮರುಭೂಮಿ, ಶೀತ ಮರುಭೂಮಿ ಅಂತ ಎರಡೇ ಬಗೆ ಹೇಳಿದ್ದಾರೆ. ಅಷ್ಟೇನಾ? ಅಲ್ಲಿನ ಗಿಡ, ಪ್ರಾಣಿಗಳು ನೀರಿಲ್ಲದೆ ಹೇಗೆ ಬದುಕುತ್ತವೆ? ಒಂಟೆ ಡುಬ್ಬದಲ್ಲಿ ನೀರು ತುಂಬಿಕೊಳ್ಳುತ್ತೆ ಅನ್ನೋದು ನಿಜಾನಾ?

ಉತ್ತರ: ಮೊದಲು ಮಗಳ ಪ್ರಶ್ನೆ. ಇಲ್ಲ, ಚಳ್ಳಕೆರೆ ಮರುಭೂಮಿ ಅಲ್ಲ. ಅರೆ ಒಣ ಪ್ರದೇಶ ಅಂತ ಕರೆಯುತ್ತಾರೆ. ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆಯೋ ಹಿಮವೋ ಬೀಳುವ ಜಾಗ ಮರುಭೂಮಿ ಅನ್ನೋದು ರೂಢಿಯ ಲೆಕ್ಕ. ನಿಮ್ಮ ಕಡೆ ಅದರ ಸುಮಾರು ಎರಡರಷ್ಟು ಬೀಳುತ್ತದೆ. ಇನ್ನೂ ಸರಿಯಾದ ಲೆಕ್ಕ ಬೇರೆ ಇದೆ. ಆಕಾಶದಿಂದ ಬಿದ್ದ ನೀರೆಷ್ಟು, ಆ ಊರಿನ ಬಿಸಿಲು ಗಾಳಿಗೆ ಆರಿಹೋಗಬಹುದಾದ ನೀರೆಷ್ಟು ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಆರಿಹೋಗೋದು ಬೀಳೋದಕ್ಕಿಂತ ಐದು ಪಟ್ಟಿಗೂ ಜಾಸ್ತಿ ಇದ್ದರೆ ಅದು ಒಣ ಪ್ರದೇಶ, ಇಪ್ಪತ್ತು ಪಟ್ಟು ದಾಟಿದರೆ ಕಡು ಮರುಭೂಮಿ.

ಈ ಲೆಕ್ಕದಲ್ಲಿ ಮರಳಿನ ಮಾತೇ ಇಲ್ಲ ನೋಡಿ. ಬಿಸಿಲಿನ ಮಾತೂ ನೇರವಾಗಿ ಇಲ್ಲ. ತಲಕಾಡಿನಲ್ಲಿ ದೇವಸ್ಥಾನಗಳನ್ನೇ ಮುಚ್ಚಿಹಾಕುವಷ್ಟು ಮರಳಿದೆ, ಆದರೆ ಪಕ್ಕದಲ್ಲೇ ಕಾವೇರಿ ಹರಿಯುತ್ತಾಳೆ, ಗದ್ದೆ ಇದೆ. ಅದು ಮರುಭೂಮಿ ಅಲ್ಲ. ಸಹರಾದಲ್ಲಿ ಮರಳಿರೋದು ಹೆಚ್ಚೆಂದರೆ ಕಾಲು ಭಾಗ, ಉಳಿದದ್ದು ಕಲ್ಲು, ಜಲ್ಲಿ, ಬೋಳು ಬೆಟ್ಟ, ಉಪ್ಪಿನ ಬಯಲು. ಇನ್ನು ಭೂಮಿಯ ಮೇಲಿನ ಅತಿ ದೊಡ್ಡ ಮರುಭೂಮಿ ಯಾವುದು ಅಂದರೆ ಅಂಟಾರ್ಕ್ಟಿಕಾ.

ಪುಸ್ತಕದ ಬಿಸಿ, ಶೀತ ಅನ್ನೋ ವಿಂಗಡಣೆ ತಪ್ಪೇನಲ್ಲ, ಆದರೆ ಅದರಿಂದ ಜಾಸ್ತಿ ಏನೂ ತಿಳಿಯೋದಿಲ್ಲ. ನಾನಾದರೆ ಮಗಳಿಗೆ ಬೇರೆ ಪ್ರಶ್ನೆ ಕೇಳೋಕೆ ಹೇಳಿಕೊಡುತ್ತೇನೆ: ಇಲ್ಲಿಗೆ ನೀರು ಯಾಕೆ ಬರಲಿಲ್ಲ? ಒಂದೊಂದು ಕಡೆ ಒಂದೊಂದು ಕಾರಣ. ಆ ಕಾರಣ ಹಿಡಿದರೆ ಅಲ್ಲಿನ ಗಿಡ ಯಾಕೆ ಹಾಗಿದೆ, ಅಲ್ಲಿನ ಹುಳು ಯಾಕೆ ತಲೆಕೆಳಗಾಗಿ ನಿಲ್ಲುತ್ತದೆ ಅನ್ನೋದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲ ಕಾರಣ ನಿಮಗೆ ಗೊತ್ತಿರೋದೇ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಜಾಸ್ತಿ ಮಳೆ. ಅಲ್ಲಿಂದ ನಿಮ್ಮೂರಿಗೆ ಕಾಗೆ ಹಾರಿದಂತೆ ಅಳೆದರೆ 200 ಕಿಲೋಮೀಟರೂ ಇಲ್ಲ. ಅರಬ್ಬೀ ಸಮುದ್ರದ ಮೋಡ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಈಚೆ ಇಳಿಯುವ ಗಾಳಿ ಒಣಗಾಳಿ. ಇದನ್ನೇ ಮಳೆ ನೆರಳು ಅನ್ನೋದು. ಘಟ್ಟಗಳ ಎತ್ತರ ಸಾವಿರ, ಎರಡು ಸಾವಿರ ಮೀಟರ್ ಲೆಕ್ಕದ್ದು, ಅದಕ್ಕೇ ನಿಮ್ಮ ಕಡೆ ಇಷ್ಟಾದರೂ ಮಳೆ ಉಳಿದಿದೆ. ಅದೇ ಜಾಗದಲ್ಲಿ ಹಿಮಾಲಯ ನಿಂತಿದ್ದರೆ? ಆಗ ಸಿಗೋದು ಲಡಾಖ್. ಲೇಹ್ ಪಟ್ಟಣಕ್ಕೆ ವರ್ಷಕ್ಕೆ ಬೀಳೋದು ಸುಮಾರು 100 ಮಿ.ಮೀ., ಮಳೆ ಹಿಮ ಎಲ್ಲಾ ಸೇರಿ. ದಕ್ಷಿಣ ಅಮೆರಿಕದಲ್ಲಿ ಆಂಡೀಸ್ ಬೆಟ್ಟಸಾಲಿನ ಹಿಂದಿರುವ ಪಟಗೋನಿಯಾ ಹೀಗೇ ಆದದ್ದು. ಮಂಗೋಲಿಯಾದ ಗೋಬಿಗೆ ಬೆಟ್ಟಗಳ ಅಡ್ಡಿಯೂ ಇದೆ, ಜೊತೆಗೆ ಸಮುದ್ರವೇ ಬಹಳ ದೂರ.

ಲಡಾಖಿನಲ್ಲಿ ತೊಂದರೆ ಎರಡು. ನೀರಿಲ್ಲ, ಇರುವ ನೀರೂ ಚಳಿಗಾಲದಲ್ಲಿ ಹೆಪ್ಪುಗಟ್ಟಿರುತ್ತದೆ. ಅಲ್ಲಿನ ಎತ್ತರದ ಬಯಲುಗಳಲ್ಲಿ ಗಿಡ ತಲೆ ಎತ್ತೋದೇ ಇಲ್ಲ. ಪುಟ್ಟ ಪುಟ್ಟ ಎಲೆಗಳು ಒತ್ತೊತ್ತಾಗಿ ಸೇರಿ, ನೆಲಕ್ಕಂಟಿದ ಗಟ್ಟಿ ಗುಂಡು ಮೆತ್ತೆಯಾಗಿ ಬೆಳೆಯುತ್ತವೆ, ಗಾಳಿ ಒಳಗೆ ನುಗ್ಗೋದಿಲ್ಲ, ಹಗಲಿನ ಬಿಸಿ ಒಳಗೆ ಉಳಿಯುತ್ತದೆ, ಉದುರಿದ ಎಲೆ ಅಲ್ಲೇ ಕೊಳೆತು ಅದೇ ಗೊಬ್ಬರ. ಪ್ರಾಣಿಗಳದ್ದು ಉಣ್ಣೆಯ ದಾರಿ. ಚಾಂಗ್‌ತಾಂಗ್ ಬಯಲಿನ ಮೇಕೆಗಳು ಚಳಿಗಾಲಕ್ಕೆ ಒಳಗಡೆ ಬೆಳೆಸಿಕೊಳ್ಳುವ ನಯವಾದ ತುಪ್ಪಳವೇ ಪಶ್ಮೀನಾ. ನುಬ್ರಾ ಕಣಿವೆಯ ಹುಂಡರ್‌ನಲ್ಲಿ ಎರಡು ಡುಬ್ಬದ ಒಂಟೆಗಳಿವೆ, ಮಧ್ಯ ಏಷ್ಯಾದ ಹಳೇ ವ್ಯಾಪಾರದ ದಾರಿಯಲ್ಲಿ ಸರಕು ಹೊತ್ತು ಬಂದವುಗಳ ವಂಶ. ಗೋಬಿಯಲ್ಲಿ ಅದರ ಕಾಡು ನೆಂಟರು ಇನ್ನೂ ಇದ್ದಾರೆ, ಬೆರಳೆಣಿಕೆಯಲ್ಲದಿದ್ದರೂ ಬಹಳ ಕಡಿಮೆ. ಅವು ಉಪ್ಪು ನೀರನ್ನೂ ಕುಡಿಯುತ್ತವೆ, ಚಳಿಗಾಲದಲ್ಲಿ ಹಿಮ ತಿಂದು ಬಾಯಾರಿಕೆ ನೀಗಿಸಿಕೊಳ್ಳುತ್ತವೆ.

ಇನ್ನು ಕೆಲವು ಪ್ರಾಣಿಗಳ ಉಪಾಯ ಬಹಳ ಸರಳ. ಊರು ಬಿಡೋದು. ಗದಗ ಜಿಲ್ಲೆಯ ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆ ತಲೆ ಹೆಬ್ಬಾತುಗಳು ಬರುತ್ತವಲ್ಲ, ಅವು ಮರಿ ಮಾಡೋದು ಲಡಾಖ್, ಟಿಬೆಟ್, ಮಂಗೋಲಿಯಾ ಕಡೆಯ ಎತ್ತರದ ಸರೋವರಗಳ ದಂಡೆಯಲ್ಲಿ. ನೀರು ಹೆಪ್ಪುಗಟ್ಟುವ ಮುಂಚೆ ಹಿಮಾಲಯ ದಾಟಿ ಇಲ್ಲಿಗೆ ಬಂದು ಶೇಂಗಾ, ಕಡಲೆ ಹೊಲ ಮೇಯುತ್ತವೆ. ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವಂಥ ಹಿಮೋಗ್ಲೋಬಿನ್ ಅವುಗಳ ರಕ್ತದಲ್ಲಿದೆ. ಚಳ್ಳಕೆರೆಯಿಂದ ಮಾಗಡಿ ಕೆರೆ ಒಂದು ದಿನದ ಪ್ರಯಾಣ. ಮಗಳನ್ನು ಡಿಸೆಂಬರ್, ಜನವರಿ ಹೊತ್ತಿಗೆ ಒಮ್ಮೆ ಕರೆದುಕೊಂಡು ಹೋಗಿ, ಶೀತ ಮರುಭೂಮಿಯ ಹಕ್ಕಿಗಳನ್ನು ಅಲ್ಲೇ ತೋರಿಸಬಹುದು.

ಎರಡನೇ ಕಾರಣ ದೊಡ್ಡದು, ಸಹರಾ, ಅರೇಬಿಯಾ, ಆಸ್ಟ್ರೇಲಿಯಾದ ನಡುನಾಡು ಎಲ್ಲಾ ಇದರಿಂದಲೇ ಆದದ್ದು. ಭೂಮಧ್ಯರೇಖೆಯ ಹತ್ತಿರ ಕಾದ ಗಾಳಿ ಮೇಲೇರುತ್ತದೆ, ಏರುವಾಗ ಇದ್ದಬದ್ದ ನೀರನ್ನೆಲ್ಲ ಅಲ್ಲಿನ ಕಾಡುಗಳ ಮೇಲೆ ಸುರಿಯುತ್ತದೆ, ಆಮೇಲೆ ಉತ್ತರಕ್ಕೂ ದಕ್ಷಿಣಕ್ಕೂ ಹರಡಿ ಸುಮಾರು 30 ಡಿಗ್ರಿ ಅಕ್ಷಾಂಶದ ಆಸುಪಾಸು ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗುತ್ತಾ ಹೋಗುತ್ತದೆ, ಮೋಡ ಕಟ್ಟೋಕೆ ಬಿಡೋದಿಲ್ಲ. ಭೂಪಟ ತೆಗೆದು ಆ ಗೆರೆಯ ಮೇಲೆ ಬೆರಳಾಡಿಸಿದರೆ ಒಂದಾದ ಮೇಲೆ ಒಂದು ಮರುಭೂಮಿ ಸಿಗುತ್ತದೆ. ನಮ್ಮ ಥಾರ್ ಕೂಡ ಅದೇ ಪಟ್ಟಿಯ ಅಂಚಿನಲ್ಲಿದೆ. ಮುಂಗಾರು ಅಲ್ಲಿಗೆ ಹೋಗೋದೇ ಇಲ್ಲ ಅಂತಲ್ಲ, ಹೋಗುವಷ್ಟರಲ್ಲಿ ಸೊರಗಿರುತ್ತದೆ. ಅರಾವಳಿ ಬೆಟ್ಟಸಾಲೂ ಅರಬ್ಬೀ ಕಡೆಯ ಗಾಳಿಗೆ ಅಡ್ಡ ನಿಲ್ಲದೆ ಅದರ ಜೊತೆಗೇ ಉದ್ದಕ್ಕೆ ಮಲಗಿದೆ. ಹಾಗಾಗಿ ಮೋಡವನ್ನು ತಡೆದು ಮಳೆ ಸುರಿಸೋಕೆ ಅಲ್ಲಿ ಏನೂ ಇಲ್ಲ.

ಈ ಬಗೆಯ ಮರುಭೂಮಿಯ ಗುಣ ಏನಂದರೆ ಆಕಾಶ ಸದಾ ಖಾಲಿ. ಹಗಲು ಬಿಸಿಲು ನೇರ ಬಡಿಯುತ್ತದೆ, ರಾತ್ರಿ ಆ ಬಿಸಿಯೆಲ್ಲ ಅಷ್ಟೇ ಬೇಗ ಮೇಲಕ್ಕೆ ಹೋಗಿಬಿಡುತ್ತದೆ. ಹಗಲು ಸುಡು, ರಾತ್ರಿ ಚಳಿ. ಇದನ್ನು ನೆನಪಿಟ್ಟುಕೊಳ್ಳಿ, ಒಂಟೆಯ ಗುಟ್ಟು ಇಲ್ಲೇ ಇರೋದು.

ಡುಬ್ಬದಲ್ಲಿ ನೀರಿಲ್ಲ. ಇರೋದು ಕೊಬ್ಬು. ಸ್ವಲ್ಪ ಓದಿದವರು ಇದಕ್ಕೂ ಒಂದು ತಿದ್ದುಪಡಿ ಹೇಳುತ್ತಾರೆ, ಆ ಕೊಬ್ಬು ಕರಗಿದಾಗ ನೀರಾಗುತ್ತದೆ ಅಂತ. ಒಂದು ಗ್ರಾಂ ಕೊಬ್ಬು ಮೈಯೊಳಗೆ ಉರಿದರೆ ಒಂದು ಗ್ರಾಂಗಿಂತ ತುಸು ಜಾಸ್ತಿ ನೀರು ಹುಟ್ಟುವುದು ನಿಜ. ಆದರೆ ಅಷ್ಟು ಕೊಬ್ಬು ಉರಿಸೋಕೆ ಬೇಕಾದ ಆಮ್ಲಜನಕಕ್ಕಾಗಿ ಉಸಿರಾಡಿದಾಗ, ಒಣಗಾಳಿಯಲ್ಲಿ ಶ್ವಾಸಕೋಶದಿಂದ ಹೊರಹೋಗುವ ತೇವ ಆ ಲಾಭವನ್ನೆಲ್ಲ ನುಂಗಿಹಾಕುತ್ತದೆ. ಹಾಗಾಗಿ ಡುಬ್ಬ ಊಟದ ಗಂಟು, ನೀರಿನ ಕೊಡ ಅಲ್ಲ. ಕೊಬ್ಬನ್ನು ಮೈತುಂಬ ಚರ್ಮದಡಿ ಹರಡಿಕೊಳ್ಳದೆ ಒಂದೇ ಕಡೆ ಬೆನ್ನ ಮೇಲೆ ಗುಡ್ಡೆ ಹಾಕಿದ್ದರಿಂದ ಮೈಯ ಉಳಿದ ಭಾಗದಿಂದ ಬಿಸಿ ಸಲೀಸಾಗಿ ಹೊರಹೋಗುತ್ತದೆ.

ನೀರಿನ ಉಳಿತಾಯ ನಡೆಯೋದು ಬೇರೆ ಕಡೆ. 1950ರ ದಶಕದಲ್ಲಿ ಕ್ನುಟ್ ಶ್ಮಿಟ್-ನೀಲ್ಸನ್ ಅನ್ನೋ ವಿಜ್ಞಾನಿ ಸಹರಾಕ್ಕೇ ಹೋಗಿ ಒಂಟೆಗಳ ಮೈಬಿಸಿ ಅಳೆದರು. ನಮಗೆ ಮೈಬಿಸಿ ಎರಡು ಡಿಗ್ರಿ ಏರಿದರೆ ಜ್ವರ ಅಂತ ಮಲಗುತ್ತೇವೆ. ನೀರು ಸಿಗದ ಒಂಟೆಯ ಮೈ ಬೆಳಗಿನ ಜಾವ 34 ಡಿಗ್ರಿ ಇದ್ದದ್ದು ಸಂಜೆ ಹೊತ್ತಿಗೆ 40 ದಾಟುತ್ತದೆ. ಅದು ಜ್ವರ ಅಲ್ಲ, ಉಪಾಯ. ನಾವಾಗಿದ್ದರೆ ಆ ಬಿಸಿಯನ್ನು ಬೆವರಿ ಹೊರಹಾಕುತ್ತಿದ್ದೆವು. ಒಂಟೆ ಬೆವರು ತಡೆದು ಬಿಸಿಯನ್ನು ಮೈಯಲ್ಲೇ ಇಟ್ಟುಕೊಂಡು, ರಾತ್ರಿ ಚಳಿಗಾಳಿಗೆ ಪುಕ್ಕಟೆ ಬಿಟ್ಟುಕೊಡುತ್ತದೆ. ದೊಡ್ಡ ಒಂಟೆಯೊಂದು ಹೀಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಉಳಿಸುತ್ತದೆ. ರಾತ್ರಿ ತಣ್ಣಗಾಗದ ಊರಿನಲ್ಲಿ ಈ ಆಟ ನಡೆಯೋದಿಲ್ಲ. ಮಂಗಳೂರಿನ ಮೇ ತಿಂಗಳ ರಾತ್ರಿಯನ್ನು ನೆನಪಿಸಿಕೊಳ್ಳಿ, ಬೆಳಗಾದರೂ ಸೆಕೆ ಇಳಿಯೋದಿಲ್ಲ ಅಲ್ವಾ?

ಅದೇ ಸಂಶೋಧನೆಯಲ್ಲಿ ಇನ್ನೊಂದು ಗೊತ್ತಾಯಿತು. ಕುರಿ ಸಾಕುವ ಊರಿನವರಾದ ನಿಮಗೆ ಇದು ಇಷ್ಟವಾಗಬಹುದು. ಉಣ್ಣೆ ಕತ್ತರಿಸಿದ ಒಂಟೆ, ಕತ್ತರಿಸದ ಒಂಟೆಗಿಂತ ಸುಮಾರು ಅರ್ಧದಷ್ಟು ಜಾಸ್ತಿ ಬೆವರಿತು. ಬಿಸಿಲಿಗೆ ಉಣ್ಣೆ ಶತ್ರು ಅಂತ ನಾವು ಅಂದುಕೊಳ್ಳುತ್ತೇವೆ. ಬೆನ್ನ ಮೇಲಿನ ದಪ್ಪ ಉಣ್ಣೆ ಬಿಸಿಲನ್ನು ಚರ್ಮದವರೆಗೆ ಬಿಡೋದೇ ಇಲ್ಲ.

ಇಷ್ಟೆಲ್ಲ ಮಾಡಿಯೂ ನೀರು ಖಾಲಿಯಾಗುತ್ತಾ ಹೋಗುತ್ತದೆ. ಮೈತೂಕದಲ್ಲಿ ನೂರಕ್ಕೆ ಹತ್ತು ಹನ್ನೆರಡರಷ್ಟು ನೀರು ಬಿಸಿಲಲ್ಲಿ ಹೋದರೆ ಮನುಷ್ಯ ಉಳಿಯೋದು ಕಷ್ಟ, ರಕ್ತ ಗಟ್ಟಿಯಾಗಿ ಹೃದಯಕ್ಕೆ ತಳ್ಳೋಕೆ ಆಗೋದಿಲ್ಲ. ಒಂಟೆ ನೂರಕ್ಕೆ ಇಪ್ಪತ್ತೈದರಷ್ಟು ಕಳೆದುಕೊಂಡರೂ ನಡೆಯುತ್ತದೆ, ಯಾಕೆಂದರೆ ಅದರ ನೀರು ರಕ್ತದಿಂದ ಕಡಿಮೆ, ಉಳಿದ ಅಂಗಾಂಶಗಳಿಂದ ಜಾಸ್ತಿ ಹೋಗುತ್ತದೆ. ನೀರು ಸಿಕ್ಕಾಗ ಒಂದೇ ಸಲಕ್ಕೆ ಹತ್ತು ಹದಿನೈದು ನಿಮಿಷದಲ್ಲಿ 100 ಲೀಟರ್‌ವರೆಗೆ ಎಳೆದುಬಿಡುತ್ತದೆ. ಬೇರೆ ಪ್ರಾಣಿ ಹಾಗೆ ಕುಡಿದರೆ ರಕ್ತಕಣಗಳು ಉಬ್ಬಿ ಒಡೆಯುತ್ತವೆ. ಒಂಟೆಯ ಕೆಂಪು ರಕ್ತಕಣ ಮೊಟ್ಟೆಯಾಕಾರದ್ದು, ದುಪ್ಪಟ್ಟಿಗಿಂತ ಜಾಸ್ತಿ ಉಬ್ಬಿದರೂ ಒಡೆಯೋದಿಲ್ಲ.

ದೊಡ್ಡ ಮೈ ಇದ್ದವರಿಗೆ ಬಿಸಿ ಹಿಡಿದಿಟ್ಟುಕೊಳ್ಳೋಕೆ ಜಾಗ ಇರುತ್ತದೆ. ಇರುವೆಗೆ? ಸಹರಾದ ಬೆಳ್ಳಿ ಇರುವೆ ನಡು ಮಧ್ಯಾಹ್ನವೇ ಹೊರಬರುತ್ತದೆ, ಕೆಲವೇ ನಿಮಿಷ. ಅದನ್ನು ಹಿಡಿದು ತಿನ್ನುವ ಹಲ್ಲಿಗಳು ಆಗ ಬಿಸಿ ತಾಳಲಾರದೆ ಬಿಲ ಸೇರಿರುತ್ತವೆ, ಇರುವೆಗೆ ಬೇಕಾದ ಊಟ ಅಂದರೆ ಬಿಸಿಲಿಗೆ ಸತ್ತುಬಿದ್ದ ಹುಳುಹುಪ್ಪಟೆ. ಅದರ ಮೈಮೇಲಿನ ಕೂದಲನ್ನು ಅಡ್ಡ ಕೊಯ್ದು ನೋಡಿದರೆ ಮೂರು ಮೂಲೆಯದು. ಬೆಳಕನ್ನು ತಿರುಗಿ ಎಸೆಯುವುದು, ಮೈಯೊಳಗಿನ ಬಿಸಿಯನ್ನು ಹೊರಗೆ ಬಿಡುವುದು, ಎರಡೂ ಕೆಲಸ ಆ ಕೂದಲಿನದೇ. ಅದರ ಹತ್ತಿರದ ನೆಂಟ ಇರುವೆಯೊಂದು ಟ್ಯುನೀಷಿಯಾದ ಉಪ್ಪಿನ ಬಯಲಿನಲ್ಲಿದೆ. ಗುರುತಿಗೆ ಒಂದು ಕಲ್ಲೂ ಇಲ್ಲದ ಬಯಲಲ್ಲಿ ಅದು ಅಲೆದಾಡಿ ಊಟ ಸಿಕ್ಕ ಕೂಡಲೇ ನೆಟ್ಟಗೆ ಗೂಡಿಗೆ ಓಡುತ್ತದೆ. ದಿಕ್ಕು ಗೊತ್ತಾಗೋದು ಸೂರ್ಯನ ಬೆಳಕಿನಿಂದ. ದೂರ? 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಊಟ ಸಿಕ್ಕ ಜಾಗದಲ್ಲಿ ಇರುವೆಗಳನ್ನು ಹಿಡಿದು ಕಾಲಿಗೆ ಹಂದಿ ಕೂದಲು ಅಂಟಿಸಿ ಮರಗಾಲು ಮಾಡಿ ಬಿಟ್ಟರು. ಅವು ಗೂಡು ದಾಟಿ ಮುಂದೆ ಹೋಗಿ ಹುಡುಕತೊಡಗಿದವು. ಕಾಲು ಗಿಡ್ಡ ಮಾಡಿದ ಇರುವೆಗಳು ಗೂಡಿಗೆ ಮುಂಚೆಯೇ ನಿಂತವು. ಅಂದರೆ ಹೆಜ್ಜೆ ಲೆಕ್ಕ ಇಡುತ್ತವೆ! ಬಿಸಿಲಲ್ಲಿ ದಾರಿ ತಪ್ಪಿದರೆ ಸಾವೇ, ಹಾಗಾಗಿ ಈ ಲೆಕ್ಕವೂ ಮರುಭೂಮಿ ಕಲಿಸಿದ್ದೇ ಅಂತ ನನ್ನ ಅಭಿಪ್ರಾಯ.

ಅಮೆರಿಕದ ಕಾಂಗರೂ ಇಲಿಯನ್ನು ಒಂದೆರಡು ಮಾತಲ್ಲಿ ಹೇಳಿ ಮುಗಿಸುತ್ತೇನೆ. ಅದು ಬದುಕಿಡೀ ನೀರು ಕುಡಿಯದೆ ಇರಬಲ್ಲದು. ಒಣಬೀಜ ಅರಗುವಾಗ ಹುಟ್ಟುವ ನೀರೇ ಸಾಕು. ಹಗಲೆಲ್ಲ ಬಿಲದ ತಂಪಲ್ಲಿ ಇರುತ್ತದೆ, ಮೂತ್ರ ನಮ್ಮದಕ್ಕಿಂತ ನಾಲ್ಕೈದು ಪಟ್ಟು ಗಟ್ಟಿ. ಒಂಟೆಯ ಕೈಲಿ ಆಗದ್ದು ಈ ಇಲಿಗೆ ಆಗೋದು ಅದು ಹಗಲ ಒಣಗಾಳಿಯಲ್ಲಿ ಉಸಿರಾಡೋದೇ ಇಲ್ಲ ಅನ್ನೋದರಿಂದ.

ಮೂರನೇ ಕಾರಣ ನನಗೆ ಎಲ್ಲಕ್ಕಿಂತ ವಿಚಿತ್ರ ಅನ್ನಿಸುತ್ತದೆ. ಸಮುದ್ರದ ದಂಡೆಯಲ್ಲೇ ಮರುಭೂಮಿ! ಆಫ್ರಿಕಾದ ನಮೀಬ್, ಚಿಲಿ ದೇಶದ ಅಟಕಾಮ ಹಾಗಿರೋದು. ನಮ್ಮ ಕರಾವಳಿಯಲ್ಲಿ ನಿಂತವರಿಗೆ ನಂಬೋಕೇ ಆಗೋದಿಲ್ಲ. ವ್ಯತ್ಯಾಸ ಸಮುದ್ರದ ನೀರಿನ ಬಿಸಿಯಲ್ಲಿದೆ. ಅರಬ್ಬೀ ಸಮುದ್ರ ಬೆಚ್ಚಗಿದೆ, ಅದರ ಮೇಲಿನ ಗಾಳಿ ತೇವ ತುಂಬಿಕೊಂಡು ಮೇಲೇರುತ್ತದೆ. ನಮೀಬ್ ಪಕ್ಕ ಹರಿಯುವ ಬೆಂಗ್ವೇಲಾ, ಅಟಕಾಮ ಪಕ್ಕದ ಹಂಬೋಲ್ಟ್ ಎರಡೂ ಧ್ರುವದ ಕಡೆಯಿಂದ ಬರುವ ತಣ್ಣನೆ ಪ್ರವಾಹಗಳು. ಅದರ ಮೇಲಿನ ಗಾಳಿ ಕೆಳಗೆ ತಣ್ಣಗೆ, ಮೇಲೆ ಬೆಚ್ಚಗೆ. ತಣ್ಣನೆ ಗಾಳಿ ಭಾರ, ಏರೋದಿಲ್ಲ. ಏರದಿದ್ದರೆ ಮಳೆ ಇಲ್ಲ. ಚಿಲಿಯ ಅರೀಕಾ ಪಟ್ಟಣದ ಸರಾಸರಿ ವರ್ಷಕ್ಕೆ 1 ಮಿ.ಮೀ.ಗೂ ಕಡಿಮೆ, ಪಕ್ಕದಲ್ಲೇ ಪೆಸಿಫಿಕ್ ಮಹಾಸಾಗರ ಇಟ್ಟುಕೊಂಡು.

ಮಳೆ ಇಲ್ಲ, ಆದರೆ ಮಂಜಿದೆ. ಸಮುದ್ರದಿಂದ ದಟ್ಟ ಮಂಜು ಒಳನಾಡಿಗೆ ಉರುಳಿ ಬರುತ್ತದೆ. ಇಲ್ಲಿ ಬದುಕೋದು ಅಂದರೆ ಮಂಜನ್ನು ಹಿಡಿಯೋದು. ನಮೀಬ್‌ನಲ್ಲಿ ಒಂದು ಕಪ್ಪು ಹುಳು ಇದೆ, ಉದ್ದ ಕಾಲಿನದು, ನೋಡೋಕೆ ನಮ್ಮ ಮನೆ ಹಿಂದಿನ ಯಾವುದೋ ಸಗಣಿ ಹುಳುವಿಗಿಂತ ವಿಶೇಷ ಅನ್ನಿಸೋದಿಲ್ಲ. ಬಿಸಿಲಲ್ಲಿ ಓಡಾಡೋದು ಅದರ ಅಭ್ಯಾಸ. ಆದರೆ ಮಂಜು ಬಂದ ರಾತ್ರಿ ಮಾತ್ರ ನಸುಕಿಗೆ ಮುಂಚೆ ಮರಳೊಳಗಿಂದ ಎದ್ದು, ಚಳಿಗೆ ಮೈ ಮರಗಟ್ಟಿದ್ದರೂ ನಿಧಾನಕ್ಕೆ ದಿಬ್ಬದ ನೆತ್ತಿ ಹತ್ತುತ್ತದೆ. ಅಲ್ಲಿ ಗಾಳಿಗೆ ಮುಖ ಮಾಡಿ ಹಿಂಗಾಲು ಚಾಚಿ ಬಾಲದ ಭಾಗ ಎತ್ತಿ, ತಲೆ ಕೆಳಗೆ ಮಾಡಿ ನಿಲ್ಲುತ್ತದೆ. ಬೆನ್ನ ಮೇಲೆ ಮಂಜು ಹನಿಗಟ್ಟುತ್ತದೆ, ಹನಿ ಸೇರಿ ಸೇರಿ ಜಾರಿ ಬಾಯಿಗೆ ಬರುತ್ತದೆ. 1976ರಲ್ಲಿ ಹ್ಯಾಮಿಲ್ಟನ್ ಮತ್ತು ಸೀಲಿ ಅನ್ನೋ ವಿಜ್ಞಾನಿಗಳು ಇದನ್ನು ಬರೆದು ಪ್ರಕಟಿಸಿದರು. ಒಂದೇ ಬೆಳಗಿನಲ್ಲಿ ತನ್ನ ತೂಕದ ಮೂರನೇ ಒಂದರಷ್ಟು ನೀರು ಕುಡಿದ ಹುಳುಗಳೂ ಇದ್ದವು. ಚಿಲಿಯ ಗುಡ್ಡಗಳ ಮೇಲೆ ಜನ ದೊಡ್ಡ ದೊಡ್ಡ ಬಲೆ ಕಟ್ಟಿ ಮಂಜಿನಿಂದ ನೀರು ಹಿಡಿಯೋದೂ ಅದೇ ತತ್ವದ ಮೇಲೆ.

ಅದೇ ನಮೀಬ್‌ನಲ್ಲಿ ವೆಲ್ವಿಚಿಯಾ ಅನ್ನೋ ಗಿಡ ಇದೆ. ಜೀವಮಾನಕ್ಕೆ ಎರಡೇ ಎಲೆ. ಆ ಎರಡೂ ಬುಡದಿಂದ ಬೆಳೆಯುತ್ತಲೇ ಇರುತ್ತವೆ, ತುದಿ ಗಾಳಿಗೆ ಸೀಳಿ ಚಿಂದಿಯಾಗುತ್ತಲೇ ಇರುತ್ತದೆ. ಸಾವಿರ ವರ್ಷ ದಾಟಿದ ಗಿಡಗಳಿವೆ. ಫೋಟೋ ನೋಡಿದರೆ ಯಾರೋ ಹರಿದ ರಬ್ಬರ್ ಶೀಟು ಎಸೆದು ಹೋಗಿದ್ದಾರೆ ಅನ್ನಬೇಕು.

ನಾಲ್ಕನೆಯದು ಧ್ರುವದ ಮರುಭೂಮಿ. ಅತಿ ತಣ್ಣನೆ ಗಾಳಿಗೆ ತೇವ ಹೊರುವ ಶಕ್ತಿಯೇ ಇಲ್ಲ. ಅಂಟಾರ್ಕ್ಟಿಕಾದ ಒಳಭಾಗದಲ್ಲಿ ಬೀಳುವ ಹಿಮವನ್ನು ನೀರಾಗಿ ಲೆಕ್ಕ ಹಾಕಿದರೆ ಜೈಸಲ್ಮೇರಿಗಿಂತಲೂ ಕಡಿಮೆ. ಬಿದ್ದದ್ದು ಕರಗೋದಿಲ್ಲ, ಅದಕ್ಕೇ ಕಿಲೋಮೀಟರ್‌ಗಟ್ಟಲೆ ದಪ್ಪ ಮಂಜುಗಡ್ಡೆ ಸೇರಿದೆ. ಅಲ್ಲಿನ ಮೆಕ್‌ಮರ್ಡೋ ಒಣ ಕಣಿವೆಗಳಲ್ಲಿ ಗಡ್ಡೆಯೂ ಇಲ್ಲ, ಬರೀ ಕಲ್ಲು. ಕಲ್ಲಿನ ಮೇಲೆ ಬದುಕೋಕೆ ಆಗದ ಕಲ್ಲುಹೂವು, ಪಾಚಿ ಕಲ್ಲಿನ ಒಳಗೆ ಸೇರಿಕೊಂಡಿವೆ, ಮರಳುಗಲ್ಲಿನ ಕಣಗಳ ಸಂದಿಯಲ್ಲಿ, ಮೇಲ್ಮೈಯಿಂದ ಕೆಲವು ಮಿಲಿಮೀಟರ್ ಕೆಳಗೆ. ಬೆಳಕು ಅಷ್ಟು ಆಳಕ್ಕೆ ಇಳಿಯುತ್ತದೆ, ಗಾಳಿ ಇಳಿಯೋದಿಲ್ಲ.

ಈಗ ಗಿಡಗಳ ವಿಷಯ. ಪ್ರಾಣಿಗಾದರೆ ಬಿಲ ಇದೆ, ರೆಕ್ಕೆ ಇದೆ. ಗಿಡ ನಿಂತಲ್ಲೇ ನಿಲ್ಲಬೇಕು. ಅದರ ಪೇಚಾಟ ಏನು ಗೊತ್ತಾ? ಊಟ ತಯಾರಿಸೋಕೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಬೇಕು, ಅದಕ್ಕೆ ಎಲೆಯ ಸಣ್ಣ ರಂಧ್ರಗಳನ್ನು ತೆರೆಯಬೇಕು. ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಮುಚ್ಚಿದರೆ ಉಪವಾಸ. ಮರುಭೂಮಿಯ ಬಹಳ ಗಿಡಗಳು ಇದಕ್ಕೆ ಕಂಡುಕೊಂಡ ದಾರಿ ರಾತ್ರಿ ಪಾಳಿ. ರಂಧ್ರ ತೆರೆಯೋದು ಕತ್ತಲಾದ ಮೇಲೆ, ಆಗ ಗಾಳಿ ತಂಪು, ನಷ್ಟ ಕಡಿಮೆ. ಒಳಗೆ ತೆಗೆದುಕೊಂಡದ್ದನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಬೆಳಗಾದ ಮೇಲೆ ಬಾಗಿಲು ಮುಚ್ಚಿ ಒಳಗೇ ಅಡುಗೆ ಮಾಡುತ್ತವೆ.

ಇದನ್ನು ಕಂಡುಹಿಡಿದ ಕಥೆಗೆ ನಮ್ಮ ಬೆಂಗಳೂರಿನ ನಂಟಿದೆ. ಟಿಪ್ಪು ಸತ್ತ ಮೇಲೆ ಲಾಲ್‌ಬಾಗನ್ನು ಕೆಲವು ಕಾಲ ನೋಡಿಕೊಂಡವರು ಬೆಂಜಮಿನ್ ಹೇನ್ ಅನ್ನೋ ಸಸ್ಯಶಾಸ್ತ್ರಜ್ಞ. ಕಾಡುಬಸಳೆ ಗೊತ್ತಲ್ಲ, ಎಲೆ ಕಿತ್ತು ಮಣ್ಣಿಗೆ ಹಾಕಿದರೆ ಅಂಚಿನಿಂದ ಮರಿ ಬರುತ್ತದಲ್ಲ, ಅದರ ಎಲೆಯನ್ನು ಅವರು ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದರು. ಬೆಳಗ್ಗೆ ಹುಳಿ, ಮಧ್ಯಾಹ್ನಕ್ಕೆ ರುಚಿಯಿಲ್ಲ, ಸಂಜೆ ಕಹಿ. ಈ ವಿಷಯವನ್ನು ಲಂಡನ್ನಿನ ಲಿನ್ನಿಯನ್ ಸೊಸೈಟಿ 1815ರಲ್ಲಿ ಪ್ರಕಟಿಸಿತು. ಯಾಕೆ ಹಾಗೆ ಅನ್ನೋದು ಪೂರ್ತಿ ಬಿಡಿಸಲು ವಿಜ್ಞಾನಿಗಳಿಗೆ ಮುಂದಿನ ಶತಮಾನ ಬೇಕಾಯಿತು. ನಿಮ್ಮ ಮನೆಯಲ್ಲಿ ಕುಂಡದಲ್ಲಿದ್ದರೆ ಮಗಳೂ ನೀವೂ ಮಾಡಿ ನೋಡಬಹುದು: ಬೆಳಗ್ಗೆ ಎದ್ದ ಕೂಡಲೇ ಎಲೆಯ ಸಣ್ಣ ಚೂರು, ಸಂಜೆ ಇನ್ನೊಂದು ಚೂರು. ನಾಲಿಗೆಗೆ ತಾಗಿಸಿ ಉಗಿದುಬಿಡಿ, ನುಂಗಬೇಡಿ, ಆ ಗಿಡದಲ್ಲಿ ಹೃದಯಕ್ಕೆ ಆಗದ ಅಂಶಗಳೂ ಇವೆ. ಕತ್ತಾಳೆ, ಲೋಳೆಸರ, ಪಾಪಾಸುಕಳ್ಳಿ ಎಲ್ಲವೂ ಇದೇ ರಾತ್ರಿ ಪಾಳಿಯವು. ಅನಾನಸ್ ಕೂಡ.

ಕಳ್ಳಿ ಅಂದಿರಿ, ಅದರಲ್ಲೂ ಒಂದು ಸೊಗಸು ಇದೆ. ನಿಮ್ಮ ಬೇಲಿಯ ಮುಳ್ಳುಗಳ್ಳಿಯನ್ನೂ ಪಾಪಾಸುಕಳ್ಳಿಯನ್ನೂ ಪಕ್ಕ ಇಟ್ಟು ನೋಡಿ. ಎರಡೂ ಎಲೆಯನ್ನು ಹೆಚ್ಚುಕಡಿಮೆ ಬಿಟ್ಟಿವೆ, ಕಾಂಡವೇ ಹಸಿರು, ಕಾಂಡದಲ್ಲೇ ನೀರು, ಮೈಮೇಲೆ ಮುಳ್ಳು. ಅಣ್ಣತಮ್ಮ ಅನ್ನಬೇಕು. ಆದರೆ ಬೇಲಿಗಳ್ಳಿ ಮುರಿದರೆ ಬಿಳಿ ಹಾಲು ಬರುತ್ತದೆ (ಕಣ್ಣಿಗೆ ತಾಗಿಸಿಕೊಳ್ಳಬೇಡಿ), ಮುಳ್ಳುಗಳು ಜೋಡಿಜೋಡಿಯಾಗಿರುತ್ತವೆ. ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ, ಒಂದೊಂದು ಮೆತ್ತನೆ ಚುಕ್ಕೆಯಿಂದ ಮುಳ್ಳು ಗುಂಪಾಗಿ ಬರುತ್ತದೆ. ಮೊದಲನೆಯದರ ಕುಟುಂಬ ಹರಳು ಗಿಡದ್ದು, ಎರಡನೆಯದು ಅಮೆರಿಕದಿಂದ ಬಂದದ್ದು. ಸಂಬಂಧವೇ ಇಲ್ಲದ ಎರಡು ಕುಟುಂಬ, ಎರಡು ಬೇರೆ ಖಂಡದಲ್ಲಿ, ಒಂದೇ ಬಗೆಯ ಬರಗಾಲಕ್ಕೆ ಸಿಕ್ಕಿ ಒಂದೇ ರೂಪಕ್ಕೆ ಬಂದಿವೆ. ಅಮೆರಿಕದ ಸೊನೋರಾ ಮರುಭೂಮಿಯ ಸಗ್ವಾರೋ ಕಳ್ಳಿ ಮೂರು ನಾಲ್ಕು ಆಳೆತ್ತರ ದಾಟಿ ಬೆಳೆಯುತ್ತದೆ. ಅದರ ಕಾಂಡಕ್ಕೆ ಉದ್ದಕ್ಕೂ ಮಡಿಕೆಗಳಿವೆ, ಮಳೆ ಬಂದಾಗ ಹಾರ್ಮೋನಿಯಂ ತಿದಿಯ ಹಾಗೆ ಬಿಚ್ಚಿಕೊಂಡು ಉಬ್ಬುತ್ತದೆ, ಬೇಸಿಗೆಯಲ್ಲಿ ಮತ್ತೆ ಸೇದಿಕೊಳ್ಳುತ್ತದೆ.

ಸಗ್ವಾರೋ ಬೇರು ಆಳಕ್ಕೆ ಹೋಗೋದಿಲ್ಲ, ನೆಲದ ಮೇಲ್ಪದರದಲ್ಲೇ ದೂರದವರೆಗೆ ಹರಡುತ್ತದೆ. ಒಂದು ಹದ ಮಳೆ ಬಂದರೂ ಬಾಚಿಕೊಳ್ಳೋಕೆ. ಜಾಲಿ ಜಾತಿಯದು ತದ್ವಿರುದ್ಧ. ಅರಿಜೋನಾದ ಗಣಿಯೊಂದರಲ್ಲಿ ಮೆಸ್ಕೀಟ್ ಮರದ ಬೇರು 50 ಮೀಟರಿಗೂ ಆಳದಲ್ಲಿ ಸಿಕ್ಕಿದೆ. ಆ ಮೆಸ್ಕೀಟ್ ಬೇರೆ ಯಾರೂ ಅಲ್ಲ, ನಿಮ್ಮ ಬಳ್ಳಾರಿ ಜಾಲಿಯ ಸೋದರ. ಮೂರನೇ ಬಗೆಯ ಗಿಡಗಳು ಬರಗಾಲವನ್ನು ಎದುರಿಸೋದೇ ಇಲ್ಲ. ಬೀಜವಾಗಿ ವರ್ಷಗಟ್ಟಲೆ ಮಣ್ಣಲ್ಲಿ ಬಿದ್ದಿರುತ್ತವೆ. ಕೆಲವು ಬೀಜಗಳ ಸಿಪ್ಪೆಯಲ್ಲಿ ಮೊಳಕೆ ತಡೆಯುವ ರಾಸಾಯನಿಕ ಇರುತ್ತದೆ, ಸಣ್ಣ ತುಂತುರಿಗೆ ಅದು ತೊಳೆದುಹೋಗೋದಿಲ್ಲ, ಬೆಳೆದು ಹೂಬಿಟ್ಟು ಕಾಯಾಗುವಷ್ಟು ನೀರು ಬಿದ್ದರೆ ಮಾತ್ರ ತೊಳೆದುಹೋಗುತ್ತದೆ. ಅಟಕಾಮದ ಅಂಚಿನಲ್ಲಿ, ಪೆಸಿಫಿಕ್ ಸಾಗರದ ನೀರು ಬೆಚ್ಚಗಾಗುವ ಎಲ್ ನಿನೋ ವರ್ಷಗಳಲ್ಲಿ ಬೋಳು ನೆಲವೆಲ್ಲ ಹೂವಾಗೋದು ಹೀಗೆ.

ಥಾರ್‌ನ ಮರ ಅಂದರೆ ಖೇಜ್ರಿ. ರಾಜಸ್ಥಾನದ ರಾಜ್ಯ ಮರ. ನಮ್ಮಲ್ಲಿ ವಿಜಯದಶಮಿಗೆ ಪೂಜೆ ಮಾಡಿ ಎಲೆ ಹಂಚುವ ಬನ್ನಿ ಇದೇ ಮರ, ಕೆಲವು ಕಡೆ ಬೇರೆ ಮರಕ್ಕೂ ಬನ್ನಿ ಅನ್ನುತ್ತಾರೆ ಅಷ್ಟೇ. ಬೇರು ಬಹಳ ಆಳ. ಉಳಿದದ್ದೆಲ್ಲ ಒಣಗಿರುವ ಬೇಸಿಗೆಯಲ್ಲೇ ಹೊಸ ಚಿಗುರು, ಹಾಗಾಗಿ ಮೇಕೆ, ಒಂಟೆಗೆ ಅದೇ ಮೇವು. ಎಳೆಗಾಯಿಯ ಪಲ್ಯ ಮಾಡುತ್ತಾರೆ. ಅದರ ಕೆಳಗೆ ಸಜ್ಜೆ ಬಯಲಿಗಿಂತ ಚೆನ್ನಾಗಿ ಬರುತ್ತದೆ, ಮರ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ, ನೆರಳೂ ತೆಳು. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿಯಲ್ಲಿ ರಾಜನ ಕಡೆಯವರು ಈ ಮರ ಕಡಿಯಲು ಬಂದಾಗ ಅಮೃತಾ ದೇವಿ ಸೇರಿ 363 ಬಿಷ್ಣೋಯಿಗಳು ಮರ ತಬ್ಬಿ ಪ್ರಾಣ ಬಿಟ್ಟರು ಅಂತ ಆ ಸಮುದಾಯ ಈಗಲೂ ಸ್ಮರಿಸುತ್ತದೆ.

ಈಗ ನಿಮ್ಮೂರಿಗೆ ಬರೋಣ. ಮರುಭೂಮಿ ಅಲ್ಲ ಅಂದೆ, ಆದರೆ ಒಣನಾಡಿನ ಉಪಾಯಗಳೆಲ್ಲ ನಿಮ್ಮ ಸುತ್ತ ಇವೆ. ಎಕ್ಕದ ಎಲೆಯ ಮೇಲಿನ ಬಿಳಿ ಧೂಳು ಉಜ್ಜಿ ನೋಡಿ, ಅದು ಬಿಸಿಲು ತಡೆಯುವ ನಯವಾದ ರೋಮ ಮತ್ತು ಮೇಣ. ಥಾರ್‌ನ ಚಿಂಕಾರ ಅನ್ನೋ ಪುಟ್ಟ ಹುಲ್ಲೆ ನಮ್ಮ ಬಾಗಲಕೋಟೆಯ ಯಡಹಳ್ಳಿಯಲ್ಲೂ ಇದೆ, ಅದಕ್ಕಾಗಿಯೇ ಅಭಯಾರಣ್ಯ ಮಾಡಿದ್ದಾರೆ. ನೀರು ಕುಡಿಯದೆ ಎಲೆಯ ರಸ, ಇಬ್ಬನಿ ಮೇಲೆಯೇ ಬಹಳ ದಿನ ತಳ್ಳಬಲ್ಲ ಪ್ರಾಣಿ ಅದು.

"ನಮ್ಮೂರು ಮುಂದೆ ಮರುಭೂಮಿ ಆಗುತ್ತಾ" ಅಂತ ನೀವು ಕೇಳಿಲ್ಲ, ಆದರೆ ಮಗಳ ಮುಂದಿನ ಪ್ರಶ್ನೆ ಅದೇ ಆಗಿರುತ್ತದೆ. ಸಹರಾದಂಥ ಮರುಭೂಮಿ ಆಗೋದಿಲ್ಲ, ಅದಕ್ಕೆ ಮೇಲೆ ಹೇಳಿದ ಕಾರಣಗಳಲ್ಲಿ ಒಂದಾದರೂ ಪೂರ್ತಿ ಬಲದಲ್ಲಿ ಇರಬೇಕು, ನಿಮ್ಮ ಕಡೆಯ ಮಳೆ ನೆರಳು ಅಷ್ಟು ಗಟ್ಟಿಯಲ್ಲ. ಮಣ್ಣು ಕೊಚ್ಚಿಹೋಗಿ, ಹುಲ್ಲು ಹೋಗಿ, ಅಂತರ್ಜಲ ಬತ್ತಿ ನೆಲ ಬರಡಾಗೋದು ಬೇರೆ, ಅದು ಆಗುತ್ತಿದೆ. ಇಸ್ರೋ 2021ರಲ್ಲಿ ಹೊರತಂದ ಅಟ್ಲಾಸ್ ಪ್ರಕಾರ ದೇಶದ ನೆಲದಲ್ಲಿ ನೂರಕ್ಕೆ ಸುಮಾರು 30 ಭಾಗ ಹೀಗೆ ಸೊರಗಿದೆ. ಇಲ್ಲಿ ನನ್ನದೊಂದು ತಕರಾರು. ಇದಕ್ಕೆ ಔಷಧಿ ಅಂತ ಸಿಕ್ಕ ಸಿಕ್ಕ ಬಯಲಲ್ಲಿ ಮರ ನೆಡೋದು ರೂಢಿಯಾಗಿದೆ. ನಿಮ್ಮ ಕಡೆಯ ಅಮೃತ ಮಹಲ್ ಕಾವಲುಗಳು ಖಾಲಿ ಜಾಗ ಅಲ್ಲ, ಹುಲ್ಲುಗಾವಲು. ಕೃಷ್ಣಮೃಗ, ತೋಳ, ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳಿಗೆಲ್ಲ ಬಯಲೇ ಬೇಕು. ಬೇಸಿಗೆಯಲ್ಲಿ ಅಲ್ಲಿನ ಹುಲ್ಲು ಮೇಲೆ ಒಣಗಿದ್ದರೂ ಬೇರು ಜೀವಂತ ಇರುತ್ತದೆ, ಮಣ್ಣನ್ನು ಹಿಡಿದಿರುತ್ತದೆ. ಹಸಿರು ಮಾಡುತ್ತೇವೆ ಅಂತಲೇ ತಂದ ಬಳ್ಳಾರಿ ಜಾಲಿ ಈಗ ಬಯಲನ್ನು ಹೇಗೆ ನುಂಗಿಹಾಕುತ್ತಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮರವೇ ಬೇಕು ಅಂದರೆ ನಿಮ್ಮ ಹೊಲದ ಬದುವಿಗೆ ಬನ್ನಿ ಹಾಕಿ. ಬೀಜದ ಸಿಪ್ಪೆ ಗಟ್ಟಿ, ಬಿತ್ತುವ ಮುಂಚೆ ಬಿಸಿನೀರಲ್ಲಿ ಹಾಕಿ ಒಂದು ರಾತ್ರಿ ನೆನೆಸಬೇಕು. ಮೊದಲ ಕೆಲವು ವರ್ಷ ಮೇಲೆ ಏನೂ ಬೆಳೆದ ಹಾಗೆ ಕಾಣೋದಿಲ್ಲ, ಅದು ಬೇರು ಇಳಿಸುತ್ತಿರುತ್ತದೆ. ಆ ವರ್ಷಗಳಲ್ಲಿ ಮೇಕೆ ಬಾಯಿ ಹಾಕದ ಹಾಗೆ ಸುತ್ತ ಮುಳ್ಳು ಹಚ್ಚಿ.